ಹುಳುಕಡ್ಡಿಗೆ ಹಚ್ಚಿದ ಟ್ಯೂಬು, ನರಹುಲಿಗೆ ಹೊತ್ತ ಹರಕೆ

ಓದುಗರ ಪ್ರಶ್ನೆಗೆ ಚರ್ಮರೋಗ ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಕಾಯಿಲೆ ಬೇರೆ ಬೇರೆ. ಆದರೆ ನಾಲ್ವರೂ ಸುತ್ತಿ ಬಳಸಿ ಕೇಳಿರುವುದು ಒಂದೇ: ಈ ಔಷಧ ಕೆಲಸ ಮಾಡುತ್ತದೆ ಅಂತ ಯಾರಾದರೂ ಸರಿಯಾಗಿ ಪರೀಕ್ಷೆ ಮಾಡಿ ನೋಡಿದ್ದಾರಾ?

ಎಂಟು ತಿಂಗಳಿಂದ ಸೊಂಟದ ಸುತ್ತ, ತೊಡೆ ಸಂದಿಯಲ್ಲಿ ಹುಳುಕಡ್ಡಿ. ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬ್ ಹಚ್ಚಿದರೆ ಎರಡೇ ದಿನಕ್ಕೆ ನವೆ ನಿಲ್ಲುತ್ತದೆ. ಬಿಟ್ಟರೆ ವಾರದಲ್ಲಿ ಡಬಲ್ ಆಗಿ ಬರುತ್ತದೆ. ಒಬ್ಬ ಡಾಕ್ಟರು ಎರಡು ವಾರಕ್ಕೆ ಮಾತ್ರೆ ಕೊಟ್ಟರು, ಇನ್ನೊಬ್ಬರು ಬೇರೆ ಮಾತ್ರೆ. ಈಗ ಹೆಂಡತಿಗೂ ಮಗಳಿಗೂ ಹತ್ತಿದೆ. ಮೊದಲು ಹದಿನೈದು ದಿನಕ್ಕೆ ಹೋಗುತ್ತಿದ್ದ ಕಾಯಿಲೆ ಈಗ ಯಾಕೆ ಹೋಗುವುದಿಲ್ಲ? ರಕ್ತದಲ್ಲೇ ಸೇರಿಕೊಂಡಿದೆಯಾ? (ದಾವಣಗೆರೆ)

ರಕ್ತದಲ್ಲಿ ಏನೂ ಸೇರಿಲ್ಲ. ಹೆಸರಿನಲ್ಲಿ ಹುಳು ಇದ್ದರೂ ಇದು ಹುಳುವೂ ಅಲ್ಲ. ಚರ್ಮದ ಮೇಲ್ಪದರದಲ್ಲಿ ಬೆಳೆಯುವ ಫಂಗಸ್, ಅಂದರೆ ಒಂದು ಜಾತಿಯ ಬೂಷ್ಟು. ಕೆಲವರು ಗಜಕರ್ಣ ಅನ್ನುತ್ತಾರೆ.

ನಿಮ್ಮ ಕೈಯಲ್ಲಿರುವ ಟ್ಯೂಬಿನ ಹಿಂಬದಿ ಓದಿ. ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್ ಅಂತೇನಾದರೂ ಇದ್ದರೆ ಅದು ಸ್ಟಿರಾಯ್ಡ್. ಇಂಥ ಟ್ಯೂಬುಗಳಲ್ಲಿ ಅದರ ಜೊತೆಗೆ ಒಂದು ಫಂಗಸ್ ಔಷಧ, ಒಂದು ಆಂಟಿಬಯೋಟಿಕ್ ಬೆರೆಸಿರುತ್ತಾರೆ. ಸ್ಟಿರಾಯ್ಡ್ ಮಾಡುವ ಕೆಲಸ ಉರಿ, ಕೆಂಪು, ನವೆಯನ್ನು ಅಡಗಿಸುವುದು. ಅದಕ್ಕೇ ಎರಡು ದಿನಕ್ಕೆ ಹಾಯ್ ಅನ್ನಿಸುತ್ತದೆ. ಆದರೆ ಆ ಉರಿ, ಕೆಂಪು ಏನು ಗೊತ್ತಾ? ನಿಮ್ಮ ಮೈ ಫಂಗಸ್ ಜೊತೆ ಹೋರಾಡುತ್ತಿರುವ ಗುರುತು. ಹೋರಾಟ ನಿಂತಿತು, ಫಂಗಸ್ ಆರಾಮಾಗಿ ಹರಡಿತು. ಕೊನೆಗೆ ಬಳೆಯ ಹಾಗೆ ದುಂಡಗಿದ್ದ ಅಂಚೂ ಅಳಿಸಿಹೋಗಿ, ನೋಡಿದ ಡಾಕ್ಟರಿಗೂ ಇದು ಹುಳುಕಡ್ಡಿಯೋ ಇಸುಬೋ ಅಂತ ಗೊಂದಲವಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ತೊಡೆ ಸಂದಿಯ ಚರ್ಮ ತೆಳುವಾಗಿ ಗೆರೆಗೆರೆ ಬೀಳುತ್ತದೆ. ಆ ಗೆರೆ ಮತ್ತೆ ಹೋಗುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ನಿಮಗೆ ಚೀಟಿ ಕೇಳಿದರಾ? ನನಗೆ ಉತ್ತರ ಗೊತ್ತು ಬಿಡಿ.

ಇನ್ನು, ಮೊದಲು ಹೋಗುತ್ತಿದ್ದದ್ದು ಈಗ ಯಾಕೆ ಹೋಗುವುದಿಲ್ಲ ಅನ್ನುವುದು. ನೀವು ಕೇಳಿದ್ದು ಸುಮ್ನೆ ಮಾತಲ್ಲ, ಇದೇ ಪ್ರಶ್ನೆಯ ಮೇಲೆ ನಮ್ಮ ದೇಶದಲ್ಲೇ ಒಳ್ಳೆಯ ಅಧ್ಯಯನ ನಡೆದಿದೆ. ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಚರ್ಮರೋಗ ವೈದ್ಯರು 200 ರೋಗಿಗಳನ್ನು, ಚೀಟಿ ಎತ್ತಿದ ಹಾಗೆ, ನಾಲ್ಕು ಗುಂಪು ಮಾಡಿದರು. ಗುಂಪಿಗೆ 50 ಜನ. ಒಂದೊಂದು ಗುಂಪಿಗೆ ಒಂದೊಂದು ಮಾತ್ರೆ: ಫ್ಲುಕೊನಜೋಲ್, ಗ್ರಿಸಿಯೋಫಲ್ವಿನ್, ಇಟ್ರಾಕೊನಜೋಲ್, ಟರ್ಬಿನಾಫಿನ್. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಎಂಟು ವಾರದ ಕೊನೆಗೆ ವಾಸಿಯಾದವರು ಇಟ್ರಾಕೊನಜೋಲ್‌ನಲ್ಲಿ ಶೇ. 66, ಫ್ಲುಕೊನಜೋಲ್‌ನಲ್ಲಿ ಶೇ. 42, ಟರ್ಬಿನಾಫಿನ್‌ನಲ್ಲಿ ಶೇ. 28, ಗ್ರಿಸಿಯೋಫಲ್ವಿನ್‌ನಲ್ಲಿ ಬರೀ ಶೇ. 14. ಅಂದರೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ ಮಾತ್ರೆಯಲ್ಲೂ ಮೂವರಲ್ಲಿ ಒಬ್ಬರಿಗೆ ವಾಸಿಯಾಗಲಿಲ್ಲ.

ನಿಮಗೆ ಇದಕ್ಕಿಂತ ಮುಖ್ಯವಾದ ಅಂಕೆ ಇನ್ನೊಂದಿದೆ. ನಾಲ್ಕನೇ ವಾರಕ್ಕೆ ನೋಡಿದಾಗ ಯಾವ ಗುಂಪಿನಲ್ಲೂ ಶೇ. 8ಕ್ಕಿಂತ ಜಾಸ್ತಿ ಜನ ವಾಸಿಯಾಗಿರಲಿಲ್ಲ. 50ರಲ್ಲಿ ನಾಲ್ವರು! ಎರಡು ವಾರಕ್ಕೆ ಮಾತ್ರೆ ನಿಲ್ಲಿಸಿದ ನಿಮಗೆ ಕಾಯಿಲೆ ವಾಪಸ್ ಬಂದದ್ದು ಆಶ್ಚರ್ಯವೇ ಅಲ್ಲ. ಅದು ಹೋಗಿಯೇ ಇರಲಿಲ್ಲ, ಅಡಗಿತ್ತು ಅಷ್ಟೇ.

ಟರ್ಬಿನಾಫಿನ್ ಇಷ್ಟು ಸೋತಿದ್ದಕ್ಕೆ ಕಾರಣವೂ ಸಿಕ್ಕಿದೆ. ಈ ಔಷಧ ಫಂಗಸ್ಸಿನ ಒಂದು ಕಿಣ್ವವನ್ನು ಹಿಡಿದು ನಿಲ್ಲಿಸಿ ಅದನ್ನು ಕೊಲ್ಲುತ್ತದೆ. ಈಗ ನಮ್ಮಲ್ಲಿ ಹರಡಿರುವ ಫಂಗಸ್ಸಿನಲ್ಲಿ ಎಷ್ಟೋ ಸಲ ಆ ಕಿಣ್ವದ ಜೀನ್ ಬದಲಾಗಿರುತ್ತದೆ. ಬೀಗ ಬದಲಾದ ಮೇಲೂ ಹಳೇ ಕೀಲಿಕೈ ತಿರುಗಿಸಿದ ಹಾಗೆ. 2020ರಲ್ಲಿ ಜಪಾನಿನ ಸಂಶೋಧಕರು ಭಾರತ ಮತ್ತು ನೇಪಾಳದಿಂದ ಬಂದಿದ್ದ ರೋಗಿಗಳಲ್ಲಿ ಈ ಫಂಗಸ್ಸನ್ನು ಗುರುತಿಸಿ ಟ್ರೈಕೊಫೈಟಾನ್ ಇಂಡೊಟಿನಿಯೇ ಅಂತ ಹೆಸರಿಟ್ಟರು. ಹೆಸರಿನಲ್ಲೇ ಇಂಡಿಯಾ ಇದೆ, ಹೆಮ್ಮೆಪಡುವ ವಿಷಯವಲ್ಲ. ನ್ಯೂಯಾರ್ಕಿನಲ್ಲೂ ಇಬ್ಬರು ಮಹಿಳೆಯರಲ್ಲಿ ಕಾಣಿಸಿದೆ ಅಂತ 2023ರಲ್ಲಿ ವರದಿ ಬಂತು. ಅವರಲ್ಲೊಬ್ಬರು ಬಾಂಗ್ಲಾದೇಶಕ್ಕೆ ಹೋಗಿ ಬಂದಿದ್ದರು, ಇನ್ನೊಬ್ಬರು ದೇಶ ಬಿಟ್ಟು ಎಲ್ಲೂ ಹೋಗಿರಲಿಲ್ಲ.

ಈಗ ನೀವು ಮಾಡಬೇಕಾದದ್ದು. ಆ ಟ್ಯೂಬ್ ಬಿಡಿ. ಬಿಟ್ಟ ಮೊದಲ ವಾರ ನವೆ ಜಾಸ್ತಿಯಾಗಬಹುದು, ಹೆದರಿ ಮತ್ತೆ ಹಚ್ಚಬೇಡಿ. ಚರ್ಮರೋಗ ವೈದ್ಯರ ಹತ್ತಿರ ಮೂವರೂ ಒಟ್ಟಿಗೆ ಹೋಗಿ. ಒಬ್ಬರಿಗೆ ವಾಸಿಯಾಗಿ ಇನ್ನೊಬ್ಬರಿಗೆ ಉಳಿದರೆ ಅದು ಮನೆಯೊಳಗೇ ಸುತ್ತುತ್ತಿರುತ್ತದೆ. ಟವೆಲ್, ಒಳಬಟ್ಟೆ ಬೇರೆ ಬೇರೆ ಇರಲಿ. ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಸೊಂಟದ ಉಡಿದಾರವನ್ನು ಮರೆಯಬೇಡಿ. ಒದ್ದೆ ಉಡಿದಾರದ ಕೆಳಗೆ ಫಂಗಸ್ ಸುಖವಾಗಿರುತ್ತದೆ.

ಇಟ್ರಾಕೊನಜೋಲ್ ಕ್ಯಾಪ್ಸೂಲ್ ಬರೆದುಕೊಟ್ಟರೆ ಊಟವಾದ ತಕ್ಷಣ ನುಂಗಿ. ಅದು ಮೈಗೆ ಹತ್ತಲು ಹೊಟ್ಟೆಯ ಆಮ್ಲ ಬೇಕು. ನಮ್ಮಲ್ಲಿ ಬೆಳಗ್ಗೆ ಎದ್ದ ಕೂಡಲೇ ಒಂದು ಗ್ಯಾಸ್ ಮಾತ್ರೆ ನುಂಗುವ ಅಭ್ಯಾಸ ಎಷ್ಟೋ ಜನರಿಗಿದೆ. ಅದನ್ನು ನುಂಗಿದರೆ ಈ ಕ್ಯಾಪ್ಸೂಲಿನ ಅರ್ಧ ಕೆಲಸ ಕೆಟ್ಟ ಹಾಗೆಯೇ. ಹೃದಯದ ತೊಂದರೆ ಇದ್ದರೆ, ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹೆಂಡತಿ ಬಸುರಿಯಾಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಮೇಲೆ ಹೇಳಿದ ಅಂಕೆ ನೋಡಿ ಅಂಗಡಿಯಿಂದ ನೀವೇ ತಂದುಕೊಳ್ಳಬೇಡಿ ಮತ್ತೆ.

ತಮ್ಮನಿಗೆ ಸೋರಿಯಾಸಿಸ್. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹೊಸ ಔಷಧದ ಟ್ರಯಲ್‌ಗೆ ಸೇರುತ್ತೀರಾ ಅಂತ ಕೇಳಿದರಂತೆ. ದಪ್ಪನೆಯ ಇಂಗ್ಲಿಷ್ ಕಾಗದ ಕೊಟ್ಟು ಇಲ್ಲಿ ಸೈನ್ ಹಾಕಿ ಅಂದರಂತೆ. ಕೆಲವರಿಗೆ ಔಷಧವೇ ಇಲ್ಲದ ಖಾಲಿ ಇಂಜೆಕ್ಷನ್ ಬರಬಹುದು ಅಂತಲೂ ಹೇಳಿದ್ದಾರೆ. ನಿನ್ನನ್ನು ಇಲಿ ಮಾಡುತ್ತಾರೆ ಅಂತ ಅಮ್ಮ ಅಳುತ್ತಿದ್ದಾರೆ. ಏನು ಮಾಡೋಣ ಡಾಕ್ಟ್ರೇ? (ಹಾಸನ)

ಮೊದಲು ಖಾಲಿ ಇಂಜೆಕ್ಷನ್ ವಿಷಯ, ಯಾಕಂದ್ರೆ ಅಮ್ಮನ ಸಂಕಟ ಅದೇ ಇರಬೇಕು. ಸೋರಿಯಾಸಿಸ್ ಅಂದರೆ ಚರ್ಮ ಕೆಂಪಾಗಿ ಪದರ ಪದರ ಏಳುವ, ತಾನಾಗಿ ಏರಿ ಇಳಿಯುವ ಕಾಯಿಲೆ. ಚಳಿಗಾಲದಲ್ಲಿ ಎಷ್ಟೋ ಜನರಿಗೆ ಜಾಸ್ತಿ, ಬೇಸಿಗೆಯಲ್ಲಿ ಕಮ್ಮಿ. ಜನವರಿಯಲ್ಲಿ ಏನು ಕೊಟ್ಟರೂ, ಬೂದಿ ಕೊಟ್ಟರೂ, ಏಪ್ರಿಲ್‌ಗೆ ಒಂದಿಷ್ಟು ಜನ ಸುಧಾರಿಸಿರುತ್ತಾರೆ. ಹಾಗಾದರೆ ಸುಧಾರಿಸಿದ್ದು ಔಷಧದಿಂದಲೋ ಬಿಸಿಲಿನಿಂದಲೋ? ಔಷಧವಿಲ್ಲದ ಒಂದು ಗುಂಪನ್ನು ಪಕ್ಕದಲ್ಲಿಟ್ಟು ನೋಡದೆ ಇದನ್ನು ಹೇಳುವುದು ಆಗುವುದಿಲ್ಲ.

ಈ ದಾರಿ ಹಾಕಿಕೊಟ್ಟದ್ದು ಬ್ರಿಟನ್ನಿನಲ್ಲಿ ನಡೆದ ಕ್ಷಯರೋಗದ ಒಂದು ಪರೀಕ್ಷೆ. 1948ರಲ್ಲಿ ಅದರ ವರದಿ ಬಂತು. ಯುದ್ಧ ಮುಗಿದ ಕಾಲ, ಹೊಸ ಔಷಧ ಸ್ಟ್ರೆಪ್ಟೊಮೈಸಿನ್ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. 107 ರೋಗಿಗಳು. ಯಾರಿಗೆ ಔಷಧ ಅನ್ನುವುದನ್ನು ಡಾಕ್ಟರು ಆರಿಸಲಿಲ್ಲ, ಮುಚ್ಚಿದ ಲಕೋಟೆ ಒಡೆದು ನೋಡಿದರು. 55 ಜನರಿಗೆ ಔಷಧ ಮತ್ತು ವಿಶ್ರಾಂತಿ, 52 ಜನರಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳಿಗೆ ಮೊದಲ ಗುಂಪಿನಲ್ಲಿ 4 ಸಾವು, ಎರಡನೆಯದರಲ್ಲಿ 14. ಲಕೋಟೆ ಯಾಕೆ ಅಂದರೆ, ಡಾಕ್ಟರ ಕೈಗೆ ಬಿಟ್ಟರೆ ಗಟ್ಟಿಮುಟ್ಟಾದವರಿಗೇ ಹೊಸ ಔಷಧ ಕೊಟ್ಟುಬಿಡುವ ಸಂಭವ ಇರುತ್ತದೆ. ಬೇಕಂತಲೇ ಮಾಡಬೇಕು ಅಂತಿಲ್ಲ, ಮನಸ್ಸು ಹಾಗೆ ವಾಲುತ್ತದೆ.

ನಿಮ್ಮ ತಮ್ಮನ ಕಾಯಿಲೆಯಲ್ಲಿ ಕೇಳಬೇಕಾದದ್ದು, ಖಾಲಿ ಇಂಜೆಕ್ಷನ್ ಬಂದರೆ ಅದು ಎಷ್ಟು ವಾರ? ಆಮೇಲೆ ನಿಜವಾದ ಔಷಧ ಕೊಡುತ್ತಾರಾ? ನಡುವೆ ಜೋರಾದರೆ ಏನು ಮಾಡುತ್ತಾರೆ? ಈ ಮೂರಕ್ಕೆ ನೇರ ಉತ್ತರ ಬರಬೇಕು.

ಇನ್ನು ಆ ಇಂಗ್ಲಿಷ್ ಕಾಗದ. ಇದರಲ್ಲಿ ನನ್ನ ಮಾತು ಕಡ್ಡಿ ಮುರಿದ ಹಾಗೆ: ಕನ್ನಡದ ಕಾಗದ ಕೊಡದಿದ್ದರೆ ಸಹಿ ಹಾಕಬೇಡಿ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಸೇರುವವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ಅದು ಅವರು ಮಾಡುವ ಉಪಕಾರವಲ್ಲ. ಕಾಗದವನ್ನು ಮನೆಗೆ ತನ್ನಿ, ಎರಡು ದಿನ ಇಟ್ಟುಕೊಂಡು ಓದಿ. ಅದರಲ್ಲಿ ಎಥಿಕ್ಸ್ ಕಮಿಟಿ, ಅಂದರೆ ಸೇರಿದವರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವ ಸಮಿತಿಯವರನ್ನು ಸಂಪರ್ಕಿಸುವ ವಿವರ ಇರುತ್ತದೆ. ಈ ಕಮಿಟಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅರ್ಧದಷ್ಟು ಜನ ಆ ಆಸ್ಪತ್ರೆಗೆ ಸೇರದವರಾಗಿರಬೇಕು, ವೈದ್ಯರಲ್ಲದ ಒಬ್ಬ ಸಾಮಾನ್ಯರೂ ಇರಬೇಕು. ಫೋನ್ ಮಾಡಿ ಕೇಳುವುದಕ್ಕೆ ಸಂಕೋಚ ಬೇಡ.

ಸಿಟಿಆರ್‌ಐ ನಂಬರ್ ಎಷ್ಟು ಅಂತಲೂ ಕೇಳಿ. ಇದು ದೇಶದಲ್ಲಿ ನಡೆಯುವ ಟ್ರಯಲ್‌ಗಳ ಸರ್ಕಾರಿ ದಾಖಲೆ. 2007ರಲ್ಲಿ ಶುರುವಾಯಿತು, 2009ರ ಜೂನ್‌ನಿಂದ ನೋಂದಣಿ ಕಡ್ಡಾಯ. ಆನ್‌ಲೈನಲ್ಲಿ ಯಾರು ಬೇಕಾದರೂ ದುಡ್ಡಿಲ್ಲದೆ ಹುಡುಕಿ ನೋಡಬಹುದು. ಯಾವ ಔಷಧ, ಯಾರು ದುಡ್ಡು ಹಾಕುತ್ತಿದ್ದಾರೆ, ಯಾವ ಯಾವ ಊರಲ್ಲಿ ನಡೆಯುತ್ತಿದೆ, ಎಲ್ಲ ಅಲ್ಲಿರುತ್ತದೆ. ಆ ನಂಬರ್ ಹೇಳಲು ತಡವರಿಸಿದರೆ ಎದ್ದು ಬನ್ನಿ.

ಸೇರಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು, ಕಾರಣ ಕೊಡಬೇಕಾಗಿಲ್ಲ. ಬಿಟ್ಟರು ಅಂತ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಟ್ರಯಲ್ ನಡುವೆ ತೊಂದರೆಯಾದರೆ ಚಿಕಿತ್ಸೆಯ ಖರ್ಚು ನಿಮ್ಮದಲ್ಲ, ಔಷಧದಿಂದಲೇ ಆಯಿತು ಅಂತಾದರೆ ಪರಿಹಾರವೂ ಸಿಗಬೇಕು. ಅಮ್ಮನಿಗೆ ಇಷ್ಟು ಹೇಳಿ: ಇಲಿಯನ್ನು ಯಾರೂ ಕೇಳುವುದಿಲ್ಲ, ಇಲಿ ಬೇಡ ಅನ್ನುವ ಹಾಗೂ ಇಲ್ಲ. ನಿಮ್ಮ ತಮ್ಮ ಅನ್ನಬಹುದು.

ಒಂಬತ್ತು ವರ್ಷದ ಮಗನ ಕೈ ತುಂಬ ನರಹುಲಿ. ನಮ್ಮತ್ತೆ ದೇವರಿಗೆ ಉಪ್ಪು, ಮೆಣಸು ಹರಕೆ ಹೊತ್ತಿದ್ದಾರೆ. ಅವರಿಗೂ ಚಿಕ್ಕಂದಿನಲ್ಲಿ ಹಾಗೇ ಹೋಯಿತಂತೆ. ಪ್ಲಂಬರ್ ಟೇಪ್ ಥರದ ಟೇಪ್ ಸುತ್ತಿದರೆ ಹೋಗುತ್ತದೆ ಅಂತ ನಾನು ಓದಿದೆ. ಯಾವುದು ಸರಿ? (ಶಿರಸಿ)

ಅತ್ತೆಯವರದು ಸುಳ್ಳಲ್ಲ, ನಿಜವಾಗಿಯೂ ಹೋಗಿರುತ್ತದೆ. ಮಕ್ಕಳ ನರಹುಲಿ ವೈರಸ್ಸಿನಿಂದ ಬರುವುದು. ಮೈಗೆ ಆ ವೈರಸ್ಸಿನ ಗುರುತು ಸಿಕ್ಕ ದಿನ ತಾನೇ ಉದುರಿಸುತ್ತದೆ. ಮೂರು ಪಾಲಿನಲ್ಲಿ ಎರಡು ಪಾಲು ಎರಡು ವರ್ಷದೊಳಗೆ ಹೀಗೇ ಹೋಗುತ್ತವೆ. ಅಷ್ಟರಲ್ಲಿ ಹರಕೆ ಹೊತ್ತಿದ್ದರೆ ಹೆಸರು ದೇವರಿಗೆ, ಕುದುರೆ ಕೂದಲು ಕಟ್ಟಿದ್ದರೆ ಕುದುರೆಗೆ.

ನೀವು ಓದಿದ್ದು ಡಕ್ಟ್ ಟೇಪ್ ಇರಬೇಕು, ಬೆಳ್ಳಿ ಬಣ್ಣದ ದಪ್ಪ ಟೇಪು. ಅದರ ಕಥೆ ಸ್ವಾರಸ್ಯವಾಗಿದೆ. 2002ರಲ್ಲಿ ಅಮೆರಿಕದ ಒಂದು ಸೇನಾ ಆಸ್ಪತ್ರೆಯ ಅಧ್ಯಯನದಲ್ಲಿ 51 ಮಕ್ಕಳು, ಹರೆಯದವರು ಇದ್ದರು. ಟೇಪ್ ಸುತ್ತಿದವರಲ್ಲಿ ಶೇ. 85, ವಿಪರೀತ ತಣ್ಣಗಿರುವ ದ್ರವ ನೈಟ್ರೋಜನ್ನಿನಿಂದ ಸುಟ್ಟವರಲ್ಲಿ ಶೇ. 60 ಜನರಿಗೆ ವಾಸಿ. ಲೋಕವೆಲ್ಲ ಟೇಪ್ ಸುತ್ತಿಕೊಂಡಿತು. 2006ರಲ್ಲಿ ನೆದರ್‌ಲೆಂಡ್ಸಿನವರು 103 ಶಾಲಾಮಕ್ಕಳಲ್ಲಿ, ಈ ಸಲ ಬರೀ ತೋರಿಕೆಯ ಪ್ಯಾಡ್ ಹಾಕಿದ ಗುಂಪಿನ ಜೊತೆ ಹೋಲಿಸಿ ನೋಡಿದರು. ಆರು ವಾರಕ್ಕೆ ಟೇಪ್ ಗುಂಪಿನಲ್ಲಿ ಶೇ. 16, ಪ್ಯಾಡ್ ಗುಂಪಿನಲ್ಲಿ ಶೇ. 6 ಮಕ್ಕಳಿಗೆ ವಾಸಿ. ಆಕಸ್ಮಿಕವಾಗಿಯೂ ಬರಬಹುದಾದಷ್ಟೇ ವ್ಯತ್ಯಾಸ. 2007ರಲ್ಲಿ 90 ದೊಡ್ಡವರಲ್ಲಿ ನೋಡಿದಾಗ ಎರಡೂ ಗುಂಪು ಸರಿಸಮ, ಶೇ. 21ರ ಆಸುಪಾಸು. ಕೊನೆಯದರಲ್ಲಿ ಬಳಸಿದ್ದು ಪಾರದರ್ಶಕ ಟೇಪು, ಅಂಟು ಬೇರೆ ಅಂತ ಟೇಪ್ ಪ್ರಿಯರು ಈಗಲೂ ವಾದ ಮಾಡುತ್ತಾರೆ. ಮಾಡಲಿ.

ನನ್ನ ಸಲಹೆ ಸ್ಯಾಲಿಸಿಲಿಕ್ ಆಸಿಡ್ ದ್ರವ. ರಾತ್ರಿ ಬಿಸಿನೀರಿನಲ್ಲಿ ಕೈ ನೆನೆಸಿ, ಸತ್ತ ಚರ್ಮವನ್ನು ಮೆಲ್ಲಗೆ ಉಜ್ಜಿ, ನರಹುಲಿಯ ಮೇಲೆ ಮಾತ್ರ ಹಚ್ಚಿ. ಎರಡು ಮೂರು ತಿಂಗಳು ಹಿಡಿಯುತ್ತದೆ. ಮುಖದ ಮೇಲೆ ಬೇಡವೇ ಬೇಡ. ಬ್ಲೇಡಿನಿಂದ ಕುಯ್ಯಬೇಡಿ, ಇನ್ನಷ್ಟು ಹರಡುತ್ತದೆ. ಹರಕೆಯ ಉಪ್ಪು ಕೊಡುವುದಾದರೆ ಅದನ್ನೂ ಕೊಡಿ, ಅತ್ತೆಯವರ ಜೊತೆ ಜಗಳ ಯಾಕೆ?

ಶೀತ ಆದ ಕೂಡಲೇ ವಿಟಮಿನ್ ಸಿ ಮಾತ್ರೆ ಚೀಪುತ್ತೇವೆ. ಕೆಮ್ಮಿಗೆ ಜೇನುತುಪ್ಪ. ಉಪಯೋಗ ಇದೆಯಾ? (ಮುಂಬೈನ ಕನ್ನಡಿಗರೊಬ್ಬರು)

ಶೀತ ಶುರುವಾದ ಮೇಲೆ ವಿಟಮಿನ್ ಸಿ ಚೀಪಿ ಖಚಿತ ಲಾಭ ಕಂಡಿಲ್ಲ. ದಿನಾ ತೆಗೆದುಕೊಂಡವರ 29 ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ನಮ್ಮಂಥವರಿಗೆ ಶೀತ ಬರುವುದು ಕಮ್ಮಿಯಾಗಲಿಲ್ಲ. ಬಂದ ಶೀತ ದೊಡ್ಡವರಲ್ಲಿ ಶೇ. 8ರಷ್ಟು ಬೇಗ ಹೋಯಿತು. ಐದು ದಿನದ ಶೀತಕ್ಕೆ ಲೆಕ್ಕ ಹಾಕಿದರೆ ಹತ್ತು ಗಂಟೆಯೂ ಇಲ್ಲ. ಮ್ಯಾರಥಾನ್ ಓಡುವವರಿಗೆ, ಕೊರೆಯುವ ಚಳಿಯಲ್ಲಿ ದುಡಿಯುವ ಸೈನಿಕರಿಗೆ ಮಾತ್ರ ನಿಜವಾದ ಉಪಯೋಗ ಕಂಡಿದೆ. ನೀವು ಓಡುವುದು ಲೋಕಲ್ ಟ್ರೈನ್ ಹಿಡಿಯಲಿಕ್ಕಾದರೆ ಒಂದು ನೆಲ್ಲಿಕಾಯಿ ಸಾಕು.

ಜೇನುತುಪ್ಪಕ್ಕೆ ಸ್ವಲ್ಪ ಜಾಸ್ತಿ ಅಂಕ ಕೊಡುತ್ತೇನೆ. 2007ರಲ್ಲಿ ಅಮೆರಿಕದಲ್ಲಿ ಕೆಮ್ಮಿದ್ದ 105 ಮಕ್ಕಳಲ್ಲಿ ನೋಡಿದಾಗ, ಮಲಗುವ ಮುಂಚೆ ಜೇನು ಕುಡಿದವರು ಏನೂ ಕುಡಿಯದವರಿಗಿಂತ ಚೆನ್ನಾಗಿ ನಿದ್ದೆ ಮಾಡಿದರು. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನು ಕೊಡಬೇಡಿ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆಗರುಳಿನಲ್ಲಿ ಬೆಳೆದು ವಿಷ ಬಿಟ್ಟು ಮಗುವಿನ ಮೈಯನ್ನೇ ಸೋಲಿಸಿಬಿಡುತ್ತದೆ. ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವ ಶಾಸ್ತ್ರ ನಿಮ್ಮ ಮನೆಯಲ್ಲಿದ್ದರೆ, ಅದನ್ನು ಮೊದಲ ಹುಟ್ಟುಹಬ್ಬ ಕಳೆದ ಮೇಲೆ ಇಟ್ಟುಕೊಳ್ಳಿ.