ಒಪ್ಪತ್ತಿನ ಲೆಕ್ಕ

ಅರಸೀಕೆರೆಯ ಓದುಗರೊಬ್ಬರ ಪತ್ರ: "ನನಗೆ 46 ವರ್ಷ, ಎತ್ತರ 158 ಸೆಂ.ಮೀ. ತೂಕ 74 ಕೆ.ಜಿ. ಇತ್ತು. ರಾತ್ರಿ 8ರಿಂದ ಮರುದಿನ ಮಧ್ಯಾಹ್ನ 12ರವರೆಗೆ ಏನೂ ತಿನ್ನದೆ ಇರಲು ಶುರು ಮಾಡಿದೆ. ಮೊದಲ ವಾರವೇ 2 ಕೆ.ಜಿ. ಇಳಿಯಿತು. ಮೂರು ತಿಂಗಳಿಗೆ 68ಕ್ಕೆ ಬಂದೆ. ಈಗ ಎರಡು ತಿಂಗಳಿಂದ ಮುಳ್ಳು ಅಲ್ಲಾಡುತ್ತಿಲ್ಲ. ನಿನ್ನ ಮೆಟಬಾಲಿಸಂ ಸತ್ತುಹೋಗಿದೆ, ಎರಡೆರಡು ದಿನ ಪೂರ್ತಿ ಉಪವಾಸ ಮಾಡು ಎನ್ನುತ್ತಾಳೆ ಗೆಳತಿ. ಉಪವಾಸಕ್ಕೆ ನೊಬೆಲ್ ಬಂದಿದೆ ಅಂತ ನೀವೂ ಹಾಕಿದ್ದಿರಿ. ಆದರೆ ನಮ್ಮತ್ತೆ 40 ವರ್ಷದಿಂದ ಶನಿವಾರ ಒಪ್ಪತ್ತು ಮಾಡುತ್ತಾರೆ, ಒಂದು ಕೆ.ಜಿ.ಯೂ ಇಳಿದಿಲ್ಲ! ಅವರಿಗೆ ಶುಗರ್ ಬೇರೆ ಇದೆ. ಕೊನೆಯದಾಗಿ, ಉಪವಾಸದಲ್ಲಿ ಕಾಫಿ ಕುಡಿಯಬಹುದಾ?"

ಸಂಪಾದಕರ ಉತ್ತರ: ಮೊದಲು ನಮ್ಮ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಉಪವಾಸಕ್ಕೆ ನೊಬೆಲ್ ಎಂದ ಆ ಪುಟ್ಟ ಬಾಕ್ಸ್ ಸುದ್ದಿ ನನ್ನ ಕಣ್ಣ ಮುಂದೆಯೇ ಅಚ್ಚಿಗೆ ಹೋಗಿತ್ತು. 2016ರಲ್ಲಿ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ ನೊಬೆಲ್ ಬಂದಿದ್ದು ನಿಜ. ಜೀವಕೋಶ ತನ್ನೊಳಗಿನ ಹಳೆ ಸಾಮಾನನ್ನು ತಾನೇ ಒಡೆದು ಮತ್ತೆ ಬಳಸಿಕೊಳ್ಳುವುದು ಹೇಗೆ ಎಂದು ಅವರು ತೋರಿಸಿಕೊಟ್ಟರು. ಆ ಮುಖ್ಯ ಪ್ರಯೋಗಗಳೆಲ್ಲ ನಡೆದದ್ದು ಯೀಸ್ಟ್ ಮೇಲೆ. ಹಿಟ್ಟು ಉಬ್ಬಿಸುತ್ತೇವಲ್ಲ, ಅದೇ ಯೀಸ್ಟ್. ಅದಕ್ಕೆ ಆಹಾರ ಕೊಡದೆ ಕೂರಿಸಿದ್ದು ಹೌದು, ಆದರೆ ಅದರ ಸೊಂಟದ ಸುತ್ತಳತೆ ಯಾರೂ ನೋಡಿರಲಿಲ್ಲ!

ಇನ್ನು ನಿಮ್ಮ ಮೆಟಬಾಲಿಸಂ. ಅದು ಸತ್ತಿಲ್ಲ. ಸತ್ತಿದ್ದರೆ ನೀವು ಪತ್ರ ಬರೆಯುತ್ತಿರಲಿಲ್ಲ. ಸುಮ್ನೆ ಮಲಗಿದ್ದರೂ ಎದೆ ಬಡಿಯೋಕೆ, ಉಸಿರಾಡೋಕೆ, ಮೈ ಬೆಚ್ಚಗಿರೋಕೆ ದೇಹ ಎಷ್ಟು ಕ್ಯಾಲರಿ ಖರ್ಚು ಮಾಡುತ್ತದೆ ಎಂದು ಅಂದಾಜು ಮಾಡಲು 1990ರಿಂದ ಒಂದು ಸೂತ್ರ ಬಳಕೆಯಲ್ಲಿದೆ. ಹೆಸರು ಮಿಫ್ಲಿನ್-ಸೇಂಟ್ ಜಿಯೋರ್. ನಿಮ್ಮ ಅಂಕಿಗಳನ್ನು ಅದಕ್ಕೆ ಹಾಕಿ ನೋಡಿದೆ. 74 ಕೆ.ಜಿ. ಇದ್ದಾಗ ದಿನಕ್ಕೆ ಸುಮಾರು 1,340. ಈಗ ಸುಮಾರು 1,280. ವ್ಯತ್ಯಾಸ 60, ಅಂದರೆ ಮೂರು ಚಮಚ ಸಕ್ಕರೆ. ದೇಹ ಚಿಕ್ಕದಾಯಿತು, ಖರ್ಚೂ ಕಮ್ಮಿಯಾಯಿತು. ತೂಕ ಇಳಿದಾಗ ದೇಹ ಇದಕ್ಕಿಂತ ಇನ್ನೊಂದಿಷ್ಟು ಕೈ ಬಿಗಿ ಮಾಡುತ್ತದೆ, ನಮಗೇ ಗೊತ್ತಿಲ್ಲದೆ ಓಡಾಟವೂ ತಗ್ಗುತ್ತದೆ. ವಯಸ್ಸಿನ ಮೇಲೆ ಮಾತ್ರ ತಪ್ಪು ಹೊರಿಸಬೇಡಿ. 2021ರಲ್ಲಿ 6,400ಕ್ಕೂ ಹೆಚ್ಚು ಜನರ ಲೆಕ್ಕ ಸೇರಿಸಿ ನೋಡಿದಾಗ, ದೇಹದ ಗಾತ್ರಕ್ಕೆ ಹೊಂದಿಸಿದರೆ 20ರಿಂದ 60 ವರ್ಷದವರೆಗೆ ಈ ಖರ್ಚು ಹೆಚ್ಚುಕಮ್ಮಿ ಒಂದೇ ಇರುತ್ತದೆ ಎಂದು ಕಂಡಿತು.

ಜಾಸ್ತಿ ಹಸಿದಿದ್ದರೆ ಮೆಟಬಾಲಿಸಂ ಚುರುಕಾಗುತ್ತದೆ ಎನ್ನುವ ನಿಮ್ಮ ಗೆಳತಿಗೆ ಈ ಕತೆ ಹೇಳಿ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತು. ಯುರೋಪಿನಲ್ಲಿ ಹಸಿದು ಸೊರಗಿದ ಜನರನ್ನು ಸುಧಾರಿಸುವುದು ಹೇಗೆ ಎಂದು ತಿಳಿಯಬೇಕಿತ್ತು. ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು ಆರಿಸಿಕೊಂಡರು. ಬಂದೂಕು ಹಿಡಿಯಲ್ಲ ಎಂದು ಹೇಳಿ, ಅದರ ಬದಲು ಈ ಸೇವೆಗೆ ತಾವಾಗಿ ಬಂದವರು ಅವರು. 1945ರಲ್ಲಿ 24 ವಾರ ಅವರಿಗೆ ದಿನಕ್ಕೆ ಸುಮಾರು 1,570 ಕ್ಯಾಲರಿ ಊಟ: ಆಲೂಗಡ್ಡೆ, ಟರ್ನಿಪ್, ಬ್ರೆಡ್, ಮ್ಯಾಕರೋನಿ. ಜೊತೆಗೆ ವಾರಕ್ಕೆ 22 ಮೈಲಿ ನಡಿಗೆ. ತೂಕ ಕಾಲು ಭಾಗದಷ್ಟು ಇಳಿಯಿತು. ಮಲಗಿದ್ದಾಗಿನ ಖರ್ಚು ಸುಮಾರು ಶೇ. 40 ಬಿದ್ದುಹೋಯಿತು. ಬೇಸಿಗೆಯಲ್ಲೂ ಚಳಿ ಎನ್ನುತ್ತಿದ್ದರು. ಕೆಲವರಂತೂ ಅಡುಗೆ ಪುಸ್ತಕ ಸೇರಿಸಿಟ್ಟುಕೊಂಡು ಓದುತ್ತಾ ಕೂರುತ್ತಿದ್ದರು. ಒಲೆ ಚುರುಕಾಗಲಿಲ್ಲ, ಉರಿ ಸಣ್ಣದಾಯಿತು. ಹಾಗಂತ ಪೂರ್ತಿ ಆರಲೂ ಇಲ್ಲ. ಹೊಟ್ಟೆ ತುಂಬ ಊಟ ಕೊಟ್ಟ ಮೇಲೆ ಮತ್ತೆ ಹತ್ತಿಕೊಂಡಿತು.

ಹಾಗಾದರೆ ಮೊದಲ ವಾರದ ಆ 2 ಕೆ.ಜಿ.? ಅದರಲ್ಲಿ ಬಹುಪಾಲು ನೀರು. ಯಕೃತ್ತು (ಲಿವರ್) ಮತ್ತು ಸ್ನಾಯುಗಳಲ್ಲಿ ದೇಹ ಸ್ವಲ್ಪ ಸಕ್ಕರೆ ಕೂಡಿಟ್ಟಿರುತ್ತದೆ. ಒಂದು ಗ್ರಾಂಗೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅದು ಖಾಲಿಯಾದರೆ ನೀರೂ ಹೋಗುತ್ತದೆ. ಒಂದು ಕೆ.ಜಿ. ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲರಿ ಕೊರತೆ ಬೀಳಬೇಕು. ಒಂದು ವಾರದಲ್ಲಿ ಅಷ್ಟು ಎರಡು ಸಲ ಆಗುವುದು ಕಷ್ಟ, ಅಲ್ವಾ?

ನಿಮ್ಮತ್ತೆಯ ಒಪ್ಪತ್ತಿಗೆ ಬರೋಣ. ಇಡೀ ಪತ್ರದಲ್ಲಿ ನನಗೆ ತುಂಬ ಹಿಡಿಸಿದ್ದು ಅದೇ. ನಮ್ಮಮ್ಮನೂ ಶನಿವಾರ ರಾತ್ರಿ ಅನ್ನ ಮುಟ್ಟುತ್ತಿರಲಿಲ್ಲ. ಅದರ ಬದಲು ಸಬ್ಬಕ್ಕಿ ಉಪ್ಪಿಟ್ಟು. ನಾವು ಮಕ್ಕಳೆಲ್ಲ ಒಪ್ಪತ್ತಿಗೇ ಕಾಯುತ್ತಿದ್ದೆವು. ಲೆಕ್ಕ ಹಾಕಿ: 60 ಗ್ರಾಂ ಸಬ್ಬಕ್ಕಿಗೆ 210 ಕ್ಯಾಲರಿ, ಒಂದು ಹಿಡಿ ಕಡಲೆಕಾಯಿ ಬೀಜಕ್ಕೆ 170, ಒಂದು ದೊಡ್ಡ ಚಮಚ ಎಣ್ಣೆಗೆ 120. ಒಟ್ಟು 500. ಒಪ್ಪತ್ತು ಮಾಡಿದ್ದು ದೇವರಿಗೆ, ತೂಕಕ್ಕಲ್ಲ. ಆ ಲೆಕ್ಕದಲ್ಲಿ ಅವರು ಸೋತಿಲ್ಲ.

ಅಂದರೆ ಕೆಲಸ ಮಾಡುವುದು ಗಂಟೆಯಲ್ಲ, ಒಟ್ಟು ತಿಂದದ್ದು. ಚೀನಾದ ಗುವಾಂಗ್‌ಝೌನಲ್ಲಿ 139 ಜನರ ಮೇಲೆ ಒಂದು ವರ್ಷ ಇದನ್ನೇ ನೋಡಿದರು. ಫಲಿತಾಂಶ 2022ರಲ್ಲಿ ಬಂತು. ಎರಡು ಗುಂಪಿಗೂ ಕ್ಯಾಲರಿ ಮಿತಿ ಒಂದೇ. ಅರ್ಧ ಜನ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ತಿಂದರು. ಅವರದು 8 ಕೆ.ಜಿ. ಇಳಿಯಿತು, ಉಳಿದವರದು 6.3. ಗಟ್ಟಿಯಾಗಿ ಇಂಥದ್ದೇ ಮೇಲು ಎನ್ನುವಷ್ಟು ದೊಡ್ಡ ಅಂತರ ಅದಲ್ಲ.

16 ಗಂಟೆಯ ಕಟ್ಟು ನಿಮಗೆ ಒಗ್ಗಿದ್ದರೆ ಬಿಡಬೇಡಿ. ಎರಡು ದಿನದ ಉಪವಾಸ ಬೇಡ, ಅದರಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಒಂದು ವಾರ ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕಿ ನೋಡಿ. ಬಾಟಲಿಯಿಂದ ಸುರಿಯುವ ಕೈಗೆ ಲೆಕ್ಕ ಸಿಗಲ್ಲ. ಬೇಳೆ, ಕಾಳು, ಮೊಸರು ಹೆಚ್ಚಿಸಿ. ಸ್ವಲ್ಪ ಭಾರ ಎತ್ತುವ ವ್ಯಾಯಾಮ ಇರಲಿ. ಆಮೇಲೆ, 6 ಕೆ.ಜಿ. ಇಳಿಸಿ ಎರಡು ತಿಂಗಳು ಅಲ್ಲೇ ನಿಲ್ಲಿಸಿಕೊಂಡಿದ್ದೀರಲ್ಲ, ಅದನ್ನು ಸೋಲು ಅಂತ ಯಾಕೆ ಅಂದುಕೊಂಡಿರಿ?

ನಿಮ್ಮತ್ತೆ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಒಪ್ಪತ್ತಿನ ದಿನ ಡೋಸ್ ಏನು ಮಾಡಬೇಕು ಎಂದು ಡಾಕ್ಟರನ್ನು ಕೇಳಲೇಬೇಕು. ಊಟ ತಪ್ಪಿಸಿ ಮಾತ್ರೆ ನುಂಗಿದರೆ ಕೆಲವು ಮಾತ್ರೆಗಳಿಂದ ಶುಗರ್ ತೀರಾ ಇಳಿದು ತಲೆ ಸುತ್ತಿ ಬೀಳಬಹುದು. ಇದನ್ನು ಮುಂದಕ್ಕೆ ಹಾಕಬೇಡಿ.

ಕಾಫಿ? ಬರೀ ಡಿಕಾಕ್ಷನ್, ಸಕ್ಕರೆಯಿಲ್ಲದೆ, ಧಾರಾಳವಾಗಿ ಕುಡಿಯಿರಿ. ಹಾಲು, ಎರಡು ಚಮಚ ಸಕ್ಕರೆ ಹಾಕಿದ ಲೋಟಕ್ಕೆ ಸುಮಾರು 100 ಕ್ಯಾಲರಿ. ನಮ್ಮ ಕಚೇರಿಗೆ 11 ಗಂಟೆಗೆ ಬರುವುದು ಎರಡನೆಯದು. ಇದನ್ನು ಬರೆಯುತ್ತಾ ಒಂದು ಮುಗಿಸಿದ್ದೇನೆ.