ಚಕ್ಕೆ ಏಳುತ್ತಿರುವ ಸೂರಂಚಿನ ಹಲಗೆಗೆ
ಹಳೆ ಬಣ್ಣದ ಮೇಲೇ ಎನಾಮಲ್ ಹೊಡೆದರೆ ಸಾಲದೇ ಅಂತ ಕೇಳಿದ್ದೀರಿ. ಸಾಲದು. ಸಾಗರದ ನಮ್ಮ ಮನೆಯಲ್ಲಿ ನಾನೂ ಹಾಗೇ ಮಾಡಿದ್ದೆ; ಒಂದೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬಂತು.

ಮೊದಲು ಚಾಕುವಿನ ತುದಿ ಒತ್ತಿ ನೋಡಿ. ಸಲೀಸಾಗಿ ಇಳಿದರೆ ಆ ತುಂಡು ಕೊಳೆತು ಲಡ್ಡಾಗಿದೆ, ಬದಲಿಸಿಬಿಡಿ. ಗಟ್ಟಿ ಇದ್ದರೆ ಸಡಿಲ ಬಣ್ಣ ಕೆರೆದು, 80 ನಂಬರ್ ಉಪ್ಪು ಕಾಗದ, ಆಮೇಲೆ 120ರಲ್ಲಿ ಉಜ್ಜಿ. 2017ಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಮಾಸ್ಕ್ ಹಾಕಿ, ನೀರು ಚಿಮುಕಿಸಿಕೊಂಡು ಉಜ್ಜಿ.

ಹಲಗೆಯ ಕೊಯ್ದ ತುದಿ ಇದೆಯಲ್ಲ, ಅದೇ ಜಾಸ್ತಿ ನೀರು ಕುಡಿಯುವುದು. ಅಲ್ಲಿಗೆ ವುಡ್ ಪ್ರೈಮರ್ ಎರಡು ಸಲ. ಮೇಲೆ ಎನಾಮಲ್ ತೆಳ್ಳಗೆ ಎರಡು ಕೋಟ್, ನಡುವೆ ಒಂದು ದಿನ ಬಿಡಿ. ಮಳೆಗೆ ನೆಂದ ಮರ ಒಣಗಲು ಜನವರಿವರೆಗೆ ಕಾಯಿರಿ, ಹಸಿ ಮರಕ್ಕೆ ಹೊಡೆದರೆ ದುಡ್ಡು ಸುಮ್ನೆ ದಂಡ.