ದನಿ ಇರುವ ಹಾಗೇ ಇರಲಿ

ದನಿಯಲ್ಲಿ ಏರಿಳಿತವೇ ಇಲ್ಲ, ಮುಂದಿನ ವಾರ ಆಫೀಸಿನಲ್ಲಿ ಪ್ರೆಸೆಂಟೇಶನ್ ಇದೆ, ಏನು ಮಾಡಲಿ ಅಂತ ಕೇಳಿದ್ದೀರಿ. ನನ್ನದೂ ಅಂಥದ್ದೇ ದನಿ. ದಯವಿಟ್ಟು ಅದನ್ನು ಬದಲಾಯಿಸಲು ಹೋಗಬೇಡಿ, ನಾಟಕದ ಹಾಗೆ ಕೇಳಿಸುತ್ತದೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ 1985ರಲ್ಲಿ ಮಾತು ಕಳೆದುಕೊಂಡ ಮೇಲೆ ಯಂತ್ರದ ದನಿಯಲ್ಲೇ ಉಪನ್ಯಾಸ ಕೊಟ್ಟರು, ಜನ ಕಿವಿಗೊಟ್ಟು ಕೇಳಿದರು ಅಲ್ವಾ?

ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಮೌನ. ಮುಖ್ಯ ಮಾತಿಗೆ ಮೊದಲು ಎರಡು ಸೆಕೆಂಡ್ ಸುಮ್ನೆ ನಿಲ್ಲಿ. ಪವರ್‌ಪಾಯಿಂಟ್ ಸ್ಲೈಡ್ ಶೋ ನಡೆಯುವಾಗ ಕೀಬೋರ್ಡಿನಲ್ಲಿ ಬಿ ಒತ್ತಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ, ಫೋನ್ ನೋಡುತ್ತಿದ್ದವರೂ ತಲೆ ಎತ್ತುತ್ತಾರೆ, ಆಗ ಅವರ ಮುಖ ನೋಡಿಕೊಂಡು ಹೇಳಿ. ಮತ್ತೆ ಬಿ ಒತ್ತಿದರೆ ಸ್ಲೈಡ್ ವಾಪಸ್.

ಹೇಳುವ ವಿಷಯ ಕಣ್ಣಿಗೆ ಕಟ್ಟುವ ಹಾಗಿರಲಿ. ಬ್ಯಾಂಕಿನ ವಿಷಯವಾದರೆ, 'ಗ್ರಾಹಕರಿಗೆ ತಡವಾಗುತ್ತಿದೆ' ಅನ್ನಬೇಡಿ. 'ಒಬ್ಬ ಅಜ್ಜಿ ಪಾಸ್‌ಬುಕ್ ಹಿಡಿದು ಮೂರು ಸಲ ಬಂದು ಹಾಗೇ ಹೋದರು' ಅನ್ನಿ. ಇಂಥದ್ದನ್ನು ಒಂದೇ ಸಮ ಹೇಳಿದರೂ ನಾಟುತ್ತದೆ.

ಇವತ್ತೇ ಮೊದಲ ಎರಡು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ವಾಕ್ಯದ ಕೊನೆ ನುಂಗುತ್ತಿದ್ದೀರಾ ನೋಡಿ. ಕನ್ನಡದಲ್ಲಿ ಕ್ರಿಯಾಪದ ಬರುವುದೇ ಕೊನೆಗೆ, ಅದು ಕೇಳದಿದ್ದರೆ ಕೆಲಸ ಆಗಿದೆಯೋ ಆಗಿಲ್ಲವೋ ಅನ್ನೋದೇ ಕೂತವರಿಗೆ ಗೊತ್ತಾಗುವುದಿಲ್ಲ.